ಹೋಟೆಲ್ ಗೋಡೆಯಿಂದ ಶುರುವಾದ ಗ್ಯಾಲರಿ

2007ರಲ್ಲಿ ಶಾಂಘೈನ ಕಲಾವಿದ ಶು ಜೆನ್ ಒಂದು ಅಂಗಡಿ ತೆರೆದರು. ಶೆಲ್ಫುಗಳ ತುಂಬ ದಿನಬಳಕೆಯ ಸಾಮಾನು, ತಿಂಡಿ ಪೊಟ್ಟಣ, ತಂಪು ಪಾನೀಯ. ದರವೂ ಪೇಟೆಯದೇ. ಗಲ್ಲಾ ಇತ್ತು, ಬಿಲ್ ಹಾಕುವವರೂ ಇದ್ದರು. ಪೊಟ್ಟಣವನ್ನು ಕೈಗೆತ್ತಿಕೊಂಡಾಗಲೇ ಗೊತ್ತಾಗುತ್ತಿದ್ದುದು, ಒಳಗೆ ಏನೂ ಇಲ್ಲ ಎಂದು. ಒಳಗಿನ ಮಾಲನ್ನೆಲ್ಲ ತೆಗೆದು, ಮೊದಲಿನಂತೆಯೇ ಮುಚ್ಚಿಟ್ಟ ಬರೀ ಹೊದಿಕೆಗಳು. ಜನ ದುಡ್ಡು ಕೊಟ್ಟು ಅವನ್ನು ಕೊಂಡೂ ಹೋದರು. ಅಮೆರಿಕದ ಮಯಾಮಿ ಬೀಚಿನಲ್ಲಿ ನಡೆಯುವ ಆರ್ಟ್ ಬಾಸೆಲ್ ಮೇಳದಲ್ಲಿ, ಕಲೆಯ ಕೋಟಿಗಟ್ಟಲೆ ವಹಿವಾಟಿನ ನಡುವೆಯೇ ಈ ಅಂಗಡಿ ನಿಂತಿತ್ತು. ಹೆಸರು ‘ಶಾಂಗ್‌ಆರ್ಟ್ ಸೂಪರ್‌ಮಾರ್ಕೆಟ್’. ಶಾಂಗ್‌ಆರ್ಟ್ ಎಂಬುದು ಶು ಜೆನ್ ಅವರ ಕೃತಿಗಳನ್ನು ಮಾರುವ ಗ್ಯಾಲರಿಯ ಹೆಸರು. ಕಲೆಯ ವ್ಯಾಪಾರವನ್ನೇ ಪ್ರಶ್ನಿಸುವ ಕೃತಿಗೆ ತನ್ನ ಹೆಸರು ಕೊಟ್ಟು, ಅದನ್ನು ಸಂತೆಯ ನಡುವೆ ತಂದು ನಿಲ್ಲಿಸುವ ಗ್ಯಾಲರಿ ಎಂಥದ್ದಿರಬಹುದು?

ಕಥೆ ಶುರುವಾಗುವುದು ಸ್ವಿಟ್ಜರ್ಲೆಂಡಿನ ಲೊರೆನ್ಜ್ ಹೆಲ್ಬ್‌ಲಿಂಗ್ ಅವರಿಂದ. ಎಂಬತ್ತರ ದಶಕದಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯಕ್ಕೆ ಓದಲು ಬಂದವರು, ಮುಂದೆ ಹಾಂಗ್‌ಕಾಂಗ್‌ನ ಗ್ಯಾಲರಿಯೊಂದರಲ್ಲಿ ಕೆಲಸ ಮಾಡಿ, 1996ರಲ್ಲಿ ಶಾಂಘೈನಲ್ಲಿ ತಮ್ಮದೇ ಗ್ಯಾಲರಿ ಆರಂಭಿಸಿದರು. ಗ್ಯಾಲರಿ ಎಂದರೆ ಕಟ್ಟಡವಲ್ಲ, ಕೋಣೆಯೂ ಅಲ್ಲ. ಪೋರ್ಟ್‌ಮನ್ ಹೋಟೆಲಿನ ಕಾರಿಡಾರಿನ ಗೋಡೆಗಳು, ಅಷ್ಟೇ. ಆ ಜಾಗಕ್ಕೂ ಅರ್ಥವಿತ್ತು. ಆಗ ಚೀನಾದ ಹೊಸ ಕಲೆಯನ್ನು ಕೊಳ್ಳುತ್ತಿದ್ದವರು ಹೆಚ್ಚಾಗಿ ವಿದೇಶಿಯರು. ಅವರು ಇಳಿದುಕೊಳ್ಳುತ್ತಿದ್ದುದು ಇಂಥ ಹೋಟೆಲುಗಳಲ್ಲಿ.

ಆ ಹೊತ್ತಿನ ಚೀನಾದ ಕಲಾವಿದರ ಪಾಡು ತಿಳಿಯಲು ಇನ್ನೂ ಏಳು ವರ್ಷ ಹಿಂದೆ ಹೋಗಬೇಕು. 1989ರ ಫೆಬ್ರುವರಿಯಲ್ಲಿ ಬೀಜಿಂಗ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ಹೊಸ ಪೀಳಿಗೆಯ ದೊಡ್ಡ ಪ್ರದರ್ಶನ ಏರ್ಪಟ್ಟಿತು. ಕಲಾವಿದೆ ಶಿಯಾವ್ ಲು ತಮ್ಮದೇ ಕೃತಿಗೆ ಪಿಸ್ತೂಲಿನಿಂದ ಗುಂಡು ಹಾರಿಸಿದರು. ಉದ್ಘಾಟನೆಯ ದಿನವೇ ಪ್ರದರ್ಶನವನ್ನು ತಾತ್ಕಾಲಿಕವಾಗಿ ಮುಚ್ಚಿಸಲಾಯಿತು. ಜೂನ್‌ನಲ್ಲಿ ತಿಯಾನನ್ಮೆನ್ ಚೌಕದ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದ ಮೇಲೆ ಸರ್ಕಾರಿ ಸಭಾಂಗಣಗಳ ಬಾಗಿಲು ಇಂಥವರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಹೋಯಿತು. ಕಲಾವಿದರು ಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ಕೃತಿಗಳನ್ನು ತೋರಿಸಿಕೊಂಡರು. 1999ರಲ್ಲಿ ಇದೇ ಶು ಜೆನ್ ಮತ್ತು ಗೆಳೆಯರು ಶಾಂಘೈನ ಒಂದು ಶಾಪಿಂಗ್ ಮಾಲ್‌ನಲ್ಲಿ, ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಪ್ರದರ್ಶನ ಎಂಬಂತೆ ಒಂದು ಪ್ರಯೋಗ ಮಾಡಿದರು. ಕೆಲವೇ ದಿನಗಳಲ್ಲಿ ಅದನ್ನೂ ಮುಚ್ಚಿಸಲಾಯಿತು. ಸಮಕಾಲೀನ ಕಲೆಗೆಂದೇ ಚೀನಾದ ಮುಖ್ಯ ಭೂಭಾಗದಲ್ಲಿ ಸರ್ಕಾರಿ ಮ್ಯೂಸಿಯಂ ಬಂದದ್ದು 2012ರಲ್ಲಿ, ಶಾಂಘೈನ ಹಳೆಯ ವಿದ್ಯುತ್ ಸ್ಥಾವರದಲ್ಲಿ. ನಮ್ಮ ದಿಲ್ಲಿಯ ರಾಕ್ಸ್ ಮೀಡಿಯಾ ಕಲೆಕ್ಟಿವ್ 2016ರ ಶಾಂಘೈ ಬಿನಾಲೆಯನ್ನು ಕ್ಯುರೇಟ್ ಮಾಡಿದ್ದು ಅಲ್ಲಿಯೇ.

1996ಕ್ಕೂ 2012ಕ್ಕೂ ನಡುವೆ ಹದಿನಾರು ವರ್ಷ. ಶಾಂಗ್‌ಆರ್ಟ್‌ನ ನಿಜವಾದ ಕೆಲಸ ನಡೆದದ್ದು ಆ ಅವಧಿಯಲ್ಲಿ. ಗ್ಯಾಲರಿ ಎಂದರೆ ಚಿತ್ರ ಮಾರುವ ಅಂಗಡಿ ಎಂಬ ತಿಳಿವಳಿಕೆ ನಮ್ಮಲ್ಲೂ ಇದೆ. ಅದು ಸುಳ್ಳಲ್ಲ, ಮಾರಾಟವಾದರೆ ರೂಢಿಯಲ್ಲಿ ಅರ್ಧ ಕಲಾವಿದರಿಗೆ, ಅರ್ಧ ಗ್ಯಾಲರಿಗೆ. ಆದರೆ ಮಾರಾಟವಾಗದ ವರ್ಷಗಳಲ್ಲಿ ಏನು ಮಾಡುತ್ತದೆ ಎನ್ನುವುದರ ಮೇಲೆ ಗ್ಯಾಲರಿಯ ಯೋಗ್ಯತೆ ಅಳೆಯಬೇಕು. ಕೃತಿಗಳ ಫೋಟೊ ತೆಗೆದು ದಾಖಲಿಸುವುದು, ಕೆಡದಂತೆ ಕಾಪಾಡುವುದು, ಕ್ಯಾಟಲಾಗ್ ಅಚ್ಚು ಹಾಕಿಸುವುದು, ಸಂಸ್ಕೃತಿ ಇಲಾಖೆಯ ಅನುಮತಿಗೆ ಓಡಾಡುವುದು, ಹೊರದೇಶದ ಕ್ಯುರೇಟರ್ ಬಂದಾಗ ಕಲಾವಿದರ ಸ್ಟುಡಿಯೊಗೆ ಕರೆದೊಯ್ಯುವುದು. ಮ್ಯೂಸಿಯಂ ಮಾಡಬೇಕಾದ ಈ ಕೆಲಸವನ್ನೆಲ್ಲ ಸಮಕಾಲೀನ ಕಲೆಗೆಂದೇ ಸರ್ಕಾರಿ ಮ್ಯೂಸಿಯಂ ಇಲ್ಲದ ಊರಿನಲ್ಲಿ ಒಂದು ಖಾಸಗಿ ಗ್ಯಾಲರಿ ಹೊತ್ತುಕೊಂಡಿತು. 2000ದಲ್ಲಿ ಅದು ಸ್ವಿಟ್ಜರ್ಲೆಂಡಿನ ಆರ್ಟ್ ಬಾಸೆಲ್ ಮೇಳಕ್ಕೂ ಹೋಯಿತು. ಚೀನಾದ ಗ್ಯಾಲರಿಗಳು ಆ ಮೇಳದಲ್ಲಿ ಕಾಣಿಸಿಕೊಳ್ಳುವುದೇ ಅಪರೂಪವಾಗಿದ್ದ ಕಾಲ ಅದು.

ದಿಂಗ್ ಯಿ ಅವರ ಕ್ಯಾನ್ವಾಸಿನ ಮುಂದೆ ನಿಂತರೆ ಈ ಕಾಯುವಿಕೆಯ ಬೆಲೆ ತಿಳಿಯುತ್ತದೆ. 1962ರಲ್ಲಿ ಹುಟ್ಟಿದ ಅವರು 1988ರಿಂದ ಎರಡೇ ಗುರುತುಗಳನ್ನು ಬರೆಯುತ್ತಾ ಬಂದಿದ್ದಾರೆ: ಕೂಡಿಸುವ ಚಿಹ್ನೆ, ಗುಣಿಸುವ ಚಿಹ್ನೆ. ಮುದ್ರಣಾಲಯದಲ್ಲಿ ಬಣ್ಣದ ಪದರಗಳನ್ನು ಹೊಂದಿಸಲು ಹಾಕುವ ಗುರುತಿನಿಂದ ಬಂದದ್ದು ಅದು. ಮೊದಮೊದಲು ಸ್ಕೇಲು ಹಿಡಿದು ಎಳೆದ ಗೆರೆಗಳು, ಆಮೇಲೆ ಬರಿಗೈಯವು, ಮುಂದೆ ಸೀಮೆಸುಣ್ಣ, ಇದ್ದಿಲು, ಚೌಕುಳಿ ಬಟ್ಟೆ. ದೂರದಿಂದ ರಾತ್ರಿಯ ನಗರದ ಬೆಳಕಿನಂತೆ ಕಾಣುವ ಚಿತ್ರ, ಹತ್ತಿರ ಹೋದರೆ ಒಂದರ ಪಕ್ಕ ಒಂದು ಕೂತ ಸಾವಿರಾರು ಪುಟ್ಟ ಕತ್ತರಿ ಗುರುತು. ಇಂಥ ಕೃತಿಯನ್ನು ಒಂದೇ ಪ್ರದರ್ಶನದಲ್ಲಿ ನೋಡಿ ಮುಗಿಸಲಾಗದು. ದಶಕಗಳ ಕಾಲ ಜೊತೆಗಿದ್ದು ತೋರಿಸಬೇಕು. ಶಾಂಗ್‌ಆರ್ಟ್ ತೋರಿಸಿದೆ.

ಇದೇ ಗ್ಯಾಲರಿಯ ಇನ್ನೊಬ್ಬ ಕಲಾವಿದ ಯಾಂಗ್ ಫುದೋಂಗ್ ಅವರದು ಸಿನಿಮಾ. 1997ರಲ್ಲಿ ಶುರುಮಾಡಿದ ಕಪ್ಪು-ಬಿಳುಪು ಚಿತ್ರವೊಂದನ್ನು ಅವರು ಮುಗಿಸಿದ್ದು 2002ರಲ್ಲಿ, ಜರ್ಮನಿಯ ಡಾಕ್ಯುಮೆಂಟಾ ಪ್ರದರ್ಶನಕ್ಕಾಗಿ. ಶು ಜೆನ್ ತಮ್ಮ ‘ಕಾಮನಬಿಲ್ಲು’ ವಿಡಿಯೊ ಮಾಡಿದಾಗ ವಯಸ್ಸು ಇಪ್ಪತ್ತೊಂದರ ಆಸುಪಾಸು. ಪರದೆಯ ಮೇಲೆ ಒಂದು ಬರಿ ಬೆನ್ನು, ಅಷ್ಟೇ. ಏಟಿನ ಸದ್ದು ಕೇಳುತ್ತದೆ, ಹೊಡೆಯುವ ಕೈ ಕಾಣುವುದೇ ಇಲ್ಲ; ಆ ಚೌಕಟ್ಟುಗಳನ್ನೆಲ್ಲ ಕತ್ತರಿಸಿ ತೆಗೆಯಲಾಗಿದೆ. ನೋಡನೋಡುತ್ತಾ ಬೆನ್ನು ಕೆಂಪೇರುತ್ತದೆ, ಬೆರಳ ಗುರುತು ಮೂಡುತ್ತದೆ. 2001ರಲ್ಲಿ ಈ ಕೃತಿ ವೆನಿಸ್ ಬಿನಾಲೆಗೆ ಹೋಯಿತು.

ಗ್ಯಾಲರಿಯ ವಿಳಾಸ ಬದಲಾಗುತ್ತಾ ಹೋಯಿತು. ಹೋಟೆಲಿನಿಂದ ಫುಶಿಂಗ್ ಉದ್ಯಾನಕ್ಕೆ, ಅಲ್ಲಿಂದ ಸುಝೌ ಹೊಳೆಯ ದಡದ ಮೊಗಾನ್‌ಶಾನ್ ರಸ್ತೆ 50ಕ್ಕೆ. ಅಲ್ಲಿದ್ದುದು ನಿಂತುಹೋದ ನೂಲಿನ ಗಿರಣಿ. ಬಾಡಿಗೆ ಅಗ್ಗ, ಸೂರು ಎತ್ತರ, ಕಿಟಕಿ ದೊಡ್ಡದು ಎಂದು ಕಲಾವಿದರು ಒಬ್ಬೊಬ್ಬರಾಗಿ ಸೇರಿಕೊಂಡರು. ಸುತ್ತಲಿನ ಎಷ್ಟೋ ಹಳೆಯ ಕಾರ್ಖಾನೆಗಳು ನೆಲಸಮವಾದರೂ ಈ ಆವರಣ ಕಲೆಯ ಕಾರಣಕ್ಕೇ ಉಳಿಯಿತು. ಈಗ ಮುಖ್ಯ ಗ್ಯಾಲರಿ ಇರುವುದು ಹುವಾಂಗ್‌ಪು ನದಿಯ ವೆಸ್ಟ್ ಬಂಡ್‌ನಲ್ಲಿ, 2016ರಿಂದ.

2012ರಲ್ಲಿ ಸಿಂಗಪುರದಲ್ಲೂ ಬಾಗಿಲು ತೆರೆಯಿತು, ಬ್ರಿಟಿಷರ ಕಾಲದ ಗಿಲ್ಮನ್ ಬ್ಯಾರಕ್ಸ್‌ನಲ್ಲಿ. ಚೀನಾದವರನ್ನೇ ತೋರಿಸುತ್ತಿದ್ದ ಗ್ಯಾಲರಿಗೆ ಆಗ್ನೇಯ ಏಷ್ಯಾದ ಕಲಾವಿದರು ಸೇರಿದ್ದು ಹೀಗೆ. ಇಂಡೊನೇಷ್ಯಾದ ಮೆಲಾತಿ ಸುರ್ಯೋದಾರ್ಮೊ ಅವರಲ್ಲೊಬ್ಬರು. ಕಪ್ಪು ಉಡುಪು, ಕೆಂಪು ಹೈಹೀಲ್ಸ್ ತೊಟ್ಟು ಬೆಣ್ಣೆಯ ಗಟ್ಟಿಗಳ ಮೇಲೆ ಅವರು ನರ್ತಿಸುತ್ತಾರೆ, ಜಾರಿ ಬೀಳುತ್ತಾರೆ, ಎದ್ದು ಮತ್ತೆ ನರ್ತಿಸುತ್ತಾರೆ. ಸಿಂಗಪುರದ ರಾಬರ್ಟ್ ಜಾವ್ ರೆನ್‌ಹುಯಿ ನಗರದ ಅಂಚಿನಲ್ಲಿ ತಾನೇ ಬೆಳೆದ ಕುರುಚಲು ಕಾಡುಗಳನ್ನು ಕ್ಯಾಮೆರಾ ಇಟ್ಟು ಗಮನಿಸುವವರು. 2024ರ ವೆನಿಸ್ ಬಿನಾಲೆಯಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸಿದರು.

ದುಡ್ಡಿನ ಮಾತನ್ನೂ ಆಡಬೇಕು. ಶಾಂಗ್‌ಆರ್ಟ್ ತೊಂಬತ್ತರ ದಶಕದಲ್ಲೇ ಜೆಂಗ್ ಫಾನ್‌ಜಿ ಅವರ ಕೃತಿಗಳನ್ನು ತೋರಿಸಿತ್ತು. ಅವರ ‘ಕಡೆಯ ಭೋಜನ’ ಚಿತ್ರ 2013ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ 18 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಮೇಜಿನ ಸುತ್ತ ಕೆಂಪು ಸ್ಕಾರ್ಫ್ ಕಟ್ಟಿದ ಶಾಲಾಮಕ್ಕಳು, ಒಬ್ಬನ ಕೊರಳಲ್ಲಿ ಮಾತ್ರ ಹಳದಿ ಟೈ. ರೊಟ್ಟಿಯ ಬದಲು ಕಲ್ಲಂಗಡಿ. ಪತ್ರಿಕೆಗಳು ಬರೆದದ್ದೆಲ್ಲ ಬೆಲೆಯ ಬಗ್ಗೆ. ಹರಾಜಿನ ದುಡ್ಡು ಹೋಗುವುದು ಮೊದಲೇ ಕೊಂಡಿಟ್ಟುಕೊಂಡಿದ್ದವರಿಗೆ. ಬರೆದವರಿಗಲ್ಲ, ಮೊದಲು ಗೋಡೆ ಕೊಟ್ಟವರಿಗೂ ಅಲ್ಲ. ಬೆಲೆ ಏರಿದ ಕಲಾವಿದರನ್ನು ಪಾಶ್ಚಾತ್ಯ ದೇಶಗಳ ದೊಡ್ಡ ಗ್ಯಾಲರಿಗಳು ಕರೆದುಕೊಳ್ಳುತ್ತವೆ. ಆಗ ಗ್ಯಾಲರಿಗೆ ಉಳಿಯುವ ದಾರಿ ಒಂದೇ, ಮತ್ತೆ ಹೊಸಬರನ್ನು ಹುಡುಕುವುದು.

ಆ ಕೆಲಸಕ್ಕೆ ಈಗ ಶು ಜೆನ್ ಕೂಡ ಇಳಿದಿದ್ದಾರೆ. ಅವರ ಮೇಡ್‌ಇನ್ ಸಂಸ್ಥೆ 2014ರಲ್ಲಿ ಶಾಂಘೈನಲ್ಲೇ ಗ್ಯಾಲರಿ ತೆರೆದು ಕಿರಿಯರನ್ನು ತೋರಿಸುತ್ತಿದೆ. 1985ರಲ್ಲಿ ಹುಟ್ಟಿದ ಮಿಯಾವ್ ಯಿಂಗ್ ಹಾಗೆ ಬಂದವರು. ವಿದ್ಯಾರ್ಥಿನಿಯಾಗಿದ್ದಾಗ ಅವರು ಚೀನೀ ನಿಘಂಟೊಂದನ್ನು ತೆರೆದಿಟ್ಟುಕೊಂಡು, ಅದರ ಪದಗಳನ್ನು ಚೀನಾದ ಗೂಗಲ್‌ನಲ್ಲಿ ಒಂದೊಂದಾಗಿ ಹುಡುಕಿದರು. ಹುಡುಕಾಟದಲ್ಲಿ ತಡೆಹಿಡಿದ ಪದ ಸಿಕ್ಕಾಗಲೆಲ್ಲ ನಿಘಂಟಿನಲ್ಲಿ ಅದರ ಮೇಲೆ ಬಿಳಿ ಬಣ್ಣ ಬಳಿದರು. ಪುಟಗಳ ನಡುನಡುವೆ ಬಿಳಿ ತೇಪೆ ಬಿದ್ದ ಆ ದಪ್ಪ ಪುಸ್ತಕವೇ ಅವರ ಪದವಿಯ ಕೃತಿಯಾಯಿತು.