ಊರಿಗೆ ಕಳುಹಿಸಿದರೆ ಕುಡಿತ ಬಿಡುವುದೇ?

ಹೋಟೆಲು ಉದ್ಯಮದಲ್ಲಿರುವ ನಮ್ಮ ಬಾಂಧವರಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಪದ್ಧತಿಯು ವಾಚಕರೆಲ್ಲರಿಗೂ ತಿಳಿದುದೇ ಆಗಿದೆ. ಸಪ್ಲಾಯರನೋ ಅಡಿಗೆಯವನೋ ಕುಡಿತಕ್ಕೆ ಬಿದ್ದು, ಕೆಲಸಕ್ಕೆ ತಡವಾಗಿ ಬರತೊಡಗಿ, ಗಿರಾಕಿಗಳೊಡನೆ ಜಗಳವಾಡಿ, ಕೊನೆಗೆ ಯಾರ ಮಾತಿಗೂ ಬಗ್ಗದಂತಾದಾಗ ಶೇಠರು ಅವನ ಲೆಕ್ಕ ಚುಕ್ತಾ ಮಾಡುತ್ತಾರೆ. ಜೊತೆಗಾರನೊಬ್ಬನನ್ನು ಥಾಣೆ ಅಥವಾ ಪನ್ವೇಲ್ ನಿಲ್ದಾಣದವರೆಗೆ ಕಳುಹಿಸಿ ಮತ್ಸ್ಯಗಂಧ ಗಾಡಿಯನ್ನು ಹತ್ತಿಸುತ್ತಾರೆ. ‘ಊರಿಗೆ ಹೋಗಿ ನಾಲ್ಕು ದಿನ ತಾಯಿಯ ಕೈಯ ಗಂಜಿ ಉಣ್ಣು, ಎಲ್ಲ ಸರಿಹೋಗುತ್ತದೆ’ ಎಂಬ ಹಿತವಚನವೂ ಅದರೊಡನೆ ಇರುತ್ತದೆ. ವಿಜಾಪುರ, ಕಲಬುರ್ಗಿಯ ಕಡೆಯಿಂದ ಬಂದು ಕಲ್ಯಾಣ, ಡೊಂಬಿವಲಿಗಳಲ್ಲಿ ಕಟ್ಟಡದ ಕೆಲಸ ಮಾಡುವವರನ್ನು ಮುಕಾದಮನು ಕಲ್ಯಾಣ ನಿಲ್ದಾಣದಲ್ಲಿ ಸೊಲ್ಲಾಪುರ ಮಾರ್ಗದ ಗಾಡಿಗೆ ಏರಿಸಿ ಬರುವುದೂ ಇದೇ ಬಗೆಯದು.

ಇದರಲ್ಲಿ ದುರುದ್ದೇಶವಿದೆಯೆಂದು ನಾವು ಹೇಳಲಾರೆವು. ಟಿಕೇಟಿನ ಹಣವನ್ನು ತಾವೇ ಕೊಟ್ಟು, ದಾರಿಯ ಖರ್ಚಿಗೆಂದು ಕೈಗೆ ನೂರಿನ್ನೂರು ಹಾಕಿ ಕಳುಹಿಸುವ ಮಾಲೀಕರು ನಮ್ಮಲ್ಲಿ ಹಲವರಿದ್ದಾರೆ. ಆದರೆ ಬಹಳ ದಿನಗಳಿಂದ ಹಗಲೂ ಇರುಳೂ ಕುಡಿಯುತ್ತಿದ್ದವನನ್ನು ಹೀಗೆ ಒಮ್ಮೆಲೆ ಗಾಡಿ ಹತ್ತಿಸುವುದು ಅವನ ಪ್ರಾಣಕ್ಕೂ ಬುದ್ಧಿಗೂ ಅಪಾಯಕರವೆಂದು ವೈದ್ಯಶಾಸ್ತ್ರವು ಸ್ಪಷ್ಟವಾಗಿ ಹೇಳುತ್ತಿದೆ. ಈ ಮಾತು ನಮ್ಮ ಗಲ್ಲೆಗಳವರೆಗೆ ಇನ್ನೂ ಬಂದು ತಲುಪದಿರುವುದು ವಿಷಾದಕರ. ಆದುದರಿಂದಲೇ ಈ ಲೇಖನ.

ಎರಡನೆಯ ರಾತ್ರಿ

೧೯೯೮ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಉಡುಪಿ, ಮಂಗಳೂರುಗಳ ಪ್ರಯಾಣವು ಒಂದು ರಾತ್ರಿಯ ಮಾತಾಗಿದೆ. ಹೋಟೆಲು ಮುಚ್ಚಿದ ಮೇಲೆ ನಡುರಾತ್ರಿಯಲ್ಲಿ ಕೊನೆಯ ಬಾರಿಗೆ ಕುಡಿದವನು ಮರುದಿನ ಸಂಜೆಯ ಹೊತ್ತಿಗೆ ಗಾಡಿಯಲ್ಲಿರುತ್ತಾನೆ. ಆ ವೇಳೆಗಾಗಲೇ ಅವನ ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಕುಡಿತ ನಿಂತ ಆರೇಳು ಗಂಟೆಗಳಿಂದ ಮೊದಲುಗೊಂಡು ಎರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತಹ ಸೆಳವು ಬರುವುದುಂಟು. ಊರು ತಲುಪಿ, ಎರಡನೆಯ ರಾತ್ರಿಯೋ ಮೂರನೆಯ ರಾತ್ರಿಯೋ ಕಳೆಯುವಷ್ಟರಲ್ಲಿ ಕೆಲವರ ಬುದ್ಧಿ ಪೂರ್ಣವಾಗಿ ಕಲಕಿಹೋಗುತ್ತದೆ. ಗೋಡೆಯ ಮೇಲೆ ಹುಳುಗಳು ಹರಿದಾಡುವಂತೆ ಕಾಣುತ್ತದೆ. ಇಲ್ಲದವರ ದನಿ ಕೇಳುತ್ತದೆ. ತಾನು ಎಲ್ಲಿದ್ದೇನೆ, ಎದುರಿಗಿರುವ ತಾಯಿ ಯಾರು ಎಂಬುದೂ ತಿಳಿಯದು. ಈ ಸ್ಥಿತಿಗೆ ಡೆಲಿರಿಯಮ್ ಟ್ರೆಮೆನ್ಸ್ ಎಂಬ ಹೆಸರನ್ನು ಇಂಗ್ಲೆಂಡಿನ ವೈದ್ಯ ಥಾಮಸ್ ಸಟನ್ ೧೮೧೩ರಲ್ಲಿಯೇ ಇಟ್ಟನು. ಚಿಕಿತ್ಸೆಯಿಲ್ಲದೆ ಹೋದರೆ ಇದರಿಂದ ಸಾವೂ ಸಂಭವಿಸಬಹುದು.

ಊರಿನ ಮನೆಯವರಿಗೆ ಇದೇನೂ ತಿಳಿದಿರುವುದಿಲ್ಲ. ಮಗನು ಮುಂಬಯಿಯಿಂದ ಬಂದನು. ಬಂದ ಮರುದಿನವೇ ಏನನ್ನೋ ಕಂಡವನಂತೆ ಕೂಗಾಡತೊಡಗಿದನು. ದಾರಿಯಲ್ಲಿ ಏನೋ ಸೋಂಕಿತು, ದೈವದ ಉಪದ್ರವಿರಬೇಕು ಎಂದು ಅವರು ಭಾವಿಸುವುದು ಸಹಜವೇ. ದೈವಕ್ಕೆ ಹರಕೆ ಹೇಳಿಕೊಳ್ಳಬೇಡಿರೆಂದು ನಾವು ಹೇಳುವುದಿಲ್ಲ. ಆದರೆ ಹರಕೆ ಹೇಳಿಕೊಂಡ ಕೈಯಲ್ಲಿಯೇ ರಿಕ್ಷಾ ಕರೆದು ಅವನನ್ನು ಆಸ್ಪತ್ರೆಗೆ ಒಯ್ಯಬೇಕು. ಆ ರಾತ್ರಿ ಬೆಳಗಾಗಲೆಂದು ಕಾಯುವಂತಿಲ್ಲ.

ಹೀಗೇಕೆ ಆಗುತ್ತದೆ? ಮೆದುಳಿನಲ್ಲಿ ಶಾಂತಗೊಳಿಸುವ ರಸಗಳೂ ಇವೆ, ಕೆರಳಿಸುವ ರಸಗಳೂ ಇವೆ. ಮದ್ಯವು ಮೊದಲನೆಯವುಗಳ ಕೆಲಸವನ್ನು ಹೆಚ್ಚಿಸಿ, ಎರಡನೆಯವುಗಳನ್ನು ಅಡಗಿಸುತ್ತದೆ. ದಿನವೂ ಹೊರಗಿನಿಂದ ಈ ಶಾಂತಿ ದೊರೆಯುತ್ತಿರುವಾಗ ಮೆದುಳು ಸಮತೂಕಕ್ಕಾಗಿ ತನ್ನ ಸ್ವಂತ ಶಾಂತಿಯನ್ನು ಕುಗ್ಗಿಸಿಕೊಂಡು, ಕೆರಳುವ ಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ತಕ್ಕಡಿಯ ಒಂದು ತಟ್ಟೆಯಿಂದ ಕಲ್ಲನ್ನು ಥಟ್ಟನೆ ತೆಗೆದರೆ ಇನ್ನೊಂದು ತಟ್ಟೆ ನೆಲಕ್ಕೆ ಬಡಿಯುವಂತೆ, ಕುಡಿತವು ಒಮ್ಮೆಲೆ ನಿಂತಾಗ ಕೆರಳಿದ ಶಕ್ತಿಯೊಂದೇ ಉಳಿಯುತ್ತದೆ. ವೈದ್ಯರ ಬಳಿ ಇದಕ್ಕೆ ಸುಲಭವಾದ ಉಪಾಯವಿದೆ. ಡಯಾಜೆಪಾಮ್‌ನಂತಹ ಔಷಧಿಯನ್ನು ಮೊದಲು ತಕ್ಕಷ್ಟು ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತ, ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಜೊತೆಗೆ ಬಿ-೧ ಜೀವಸತ್ವದ ಚುಚ್ಚುಮದ್ದು ಕೊಡುತ್ತಾರೆ. ಊಟ ಬಿಟ್ಟು ಕುಡಿಯುವವರ ಮೈಯಲ್ಲಿ ಈ ಸತ್ವವು ಬತ್ತಿಹೋಗಿರುತ್ತದೆ. ಅದರ ಕೊರತೆಯಿಂದ ನೆನಪಿನ ಶಕ್ತಿಯೇ ಶಾಶ್ವತವಾಗಿ ಕೆಡಬಹುದು. ಊರಿಗೆ ಹೋಗುವುದಾದರೆ ಈ ವಾರವು ಕಳೆದ ಮೇಲೆ ಹೋಗಲಿ.

ಕುಡಿತ ಮೊದಲೋ, ಕೊರಗು ಮೊದಲೋ?

ಹೋಟೆಲಿನ ನೌಕರನ ದಿನಚರಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ನಸುಕಿನಲ್ಲಿ ಎದ್ದು, ನಡುರಾತ್ರಿ ಕಳೆದ ಮೇಲೆ ಅಡ್ಡಾಗುವುದು, ನಾಲ್ಕಾರು ಮಂದಿ ಒಂದೇ ಕೋಣೆಯಲ್ಲಿ ಮಲಗುವುದು, ಹೆಂಡತಿ ಮಕ್ಕಳು ಊರಿನಲ್ಲಿ, ಮಾತೆಲ್ಲವೂ ಮೊಬೈಲಿನಲ್ಲಿ. ದಣಿದ ಮೈಗೆ ನಿದ್ರೆ ಬಾರದಿರುವಾಗ ಒಂದು ಕ್ವಾರ್ಟರ್ ಔಷಧಿಯಂತೆ ತೋರುತ್ತದೆ. ಮೊದಲ ಕೆಲವು ವಾರ ಅದು ಔಷಧಿಯಂತೆಯೇ ಕೆಲಸ ಮಾಡುತ್ತದೆ. ಆದರೆ ಮದ್ಯವು ಬೇಗನೆ ನಿದ್ರೆ ತರಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ರೆಯನ್ನು ಒಡೆಯುತ್ತದೆ. ಬೆಳಗಿಗೆ ತಲೆ ಭಾರ, ಮನಸ್ಸು ಮಂಕು, ಕಾರಣವಿಲ್ಲದ ಹೆದರಿಕೆ. ಅದನ್ನು ಕಳೆಯಲು ಮತ್ತೆ ಸಂಜೆ ಕುಡಿತ. ಕೊರಗನ್ನು ಮರೆಯಲೆಂದು ಕುಡಿದವನಿಗೆ ಕುಡಿತವೇ ಹೊಸ ಕೊರಗನ್ನು ತಂದಿಡುತ್ತದೆ.

ಇಲ್ಲಿ ಎರಡು ವ್ಯಾಧಿಗಳು ಹೆಣೆದುಕೊಂಡಿರುತ್ತವೆಂಬುದನ್ನು ನಾವು ಗಮನಿಸಬೇಕು. ಕೆಲವರಿಗೆ ಕುಡಿತದಿಂದಲೇ ಖಿನ್ನತೆ ಬಂದಿರುತ್ತದೆ. ಅಂಥವರು ಕುಡಿತ ಬಿಟ್ಟು ಮೂರು ನಾಲ್ಕು ವಾರಗಳಾದಾಗ ಮನಸ್ಸು ಬಹುಮಟ್ಟಿಗೆ ತಿಳಿಯಾಗುತ್ತದೆ. ಇನ್ನು ಕೆಲವರಿಗೆ ಖಿನ್ನತೆಯೋ ಭಯವೋ ಮೊದಲೇ ಇದ್ದು, ಕುಡಿತವು ಅದರ ಮೇಲೆ ಹೊದೆಸಿದ ಕಂಬಳಿಯಾಗಿರುತ್ತದೆ. ಇವರ ಕುಡಿತವನ್ನು ಮಾತ್ರ ಬಿಡಿಸಿ ಒಳಗಿನ ರೋಗವನ್ನು ಹಾಗೆಯೇ ಬಿಟ್ಟರೆ ಅವರು ಮತ್ತೆ ಬಾಟಲಿಗೆ ಮರಳುವುದರಲ್ಲಿ ಆಶ್ಚರ್ಯವೇನು? ಯಾರು ಯಾವ ವರ್ಗಕ್ಕೆ ಸೇರಿದವರೆಂದು ತಿಳಿಯುವುದು ಮಾಲೀಕರಿಗಾಗಲಿ ಮನೆಯವರಿಗಾಗಲಿ ಸಾಧ್ಯವಿಲ್ಲ. ಅದು ಮನೋವೈದ್ಯರ ಕೆಲಸ. ಬದುಕಿನಲ್ಲಿ ಅರ್ಥವಿಲ್ಲವೆಂದು ಕುಡಿದವನು ಆಡುವ ಮಾತನ್ನು ಅಮಲಿನ ಮಾತೆಂದು ತಳ್ಳಿಹಾಕಲೂ ಬಾರದು. ಅಮಲು ಮನುಷ್ಯನ ವಿವೇಕದ ಕಡಿವಾಣವನ್ನು ಸಡಿಲಿಸುವುದರಿಂದ ಅಂತಹ ಮಾತು ಕೃತಿಗೆ ಇಳಿಯುವ ಭಯ ಆಗಲೇ ಹೆಚ್ಚು. ಆ ಹೊತ್ತು ಅವನನ್ನು ಒಂಟಿಯಾಗಿ ಬಿಡಬಾರದು.

ಸಂಸಾರವಂದಿಗರ ಮನೆಗಳಲ್ಲಿ ಈ ವ್ಯಾಧಿಯ ಮುಖ ಬೇರೆ. ವರ್ಷಗಟ್ಟಲೆ ಕುಡಿದವನಲ್ಲಿ ಹೆಂಡತಿಯ ಶೀಲದ ಮೇಲೆ ಆಧಾರವಿಲ್ಲದ ಸಂಶಯವು ಬೇರೂರುವುದನ್ನು ಮನೋವೈದ್ಯರು ಚೆನ್ನಾಗಿ ಬಲ್ಲರು. ಅದು ಕೇವಲ ಕೆಟ್ಟ ಸ್ವಭಾವವಲ್ಲ, ಚಿಕಿತ್ಸೆ ಬೇಕಾದ ಭ್ರಮೆ. ಹಾಗೆಂದು ಆ ತಾಯಿ ಪೆಟ್ಟನ್ನು ಸಹಿಸಿಕೊಂಡಿರಬೇಕೆಂದು ಅರ್ಥವಲ್ಲ. ಅವಳ ಮತ್ತು ಮಕ್ಕಳ ರಕ್ಷಣೆ ಮೊದಲು.

ಲೋಕಲ್ ಗಾಡಿಯ ಡಬ್ಬಿಗಳಲ್ಲಿ, ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎಂಬರ್ಥದ ಚೀಟಿಗಳನ್ನು ವಾಚಕರು ನೋಡಿರಬಹುದು. ನೊಂದ ಗೃಹಿಣಿಯರು ಇಂತಹ ಪುಡಿಗಳನ್ನು ತಂದು ಸಾರಿನಲ್ಲೋ ಚಹಾದಲ್ಲೋ ಬೆರೆಸುತ್ತಾರೆ. ಆ ಪುಡಿಯಲ್ಲಿ ಏನಿದೆಯೆಂದು ಬಲ್ಲವರಾರು? ಡೈಸಲ್ಫಿರಾಮ್ ಎಂಬ ಔಷಧಿಯೊಂದಿದೆ. ಅದನ್ನು ಸೇವಿಸಿದವನು ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತದೆ. ವೈದ್ಯರು ಅದನ್ನು ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದೇ ಕೊಡುತ್ತಾರೆ. ಗುಟ್ಟಾಗಿ ಬೆರೆಸಿದರೆ, ತಿಳಿಯದೆ ಕುಡಿದವನ ಪ್ರಾಣಕ್ಕೇ ಸಂಚಕಾರ ಬರಬಹುದು.

ನಮ್ಮ ಮಕ್ಕಳ ವಿಷಯದಲ್ಲಿಯೂ ಒಂದು ಮಾತು. ನವಿ ಮುಂಬಯಿ, ಥಾಣೆಗಳ ಕಾಲೇಜುಗಳಿಗೆ ಹೋಗುವ ಮಕ್ಕಳ ಮುಂದೆ ಬಾಟಲಿಯಲ್ಲದೆ ಗಾಂಜಾ ಇದೆ, ‘ಎಂ.ಡಿ.’ ಎಂದು ಕರೆಯುವ ಮೆಫೆಡ್ರೋನ್ ಪುಡಿಯಿದೆ. ಎಳೆಯ ವಯಸ್ಸಿನಲ್ಲಿ ಮೇಲಿಂದ ಮೇಲೆ ಗಾಂಜಾ ಸೇದುವವರಲ್ಲಿ ಚಿತ್ತವಿಕಲತೆಯ ಭಯ ಹೆಚ್ಚು. ಎಂ.ಡಿ.ಯು ನಿದ್ರೆ, ಹಸಿವುಗಳನ್ನು ಕೆಡಿಸಿ, ಎಲ್ಲರನ್ನೂ ಸಂಶಯಿಸುವಂತೆ ಮಾಡಿ, ಅಮಲು ಇಳಿದಾಗ ಮನಸ್ಸನ್ನು ಪಾತಾಳಕ್ಕೆ ತಳ್ಳುತ್ತದೆ. ಪೊಲೀಸರ ಹೆದರಿಕೆಯಿಂದ ಮನೆಯವರು ವೈದ್ಯರ ಬಳಿಗೂ ಹೋಗುವುದಿಲ್ಲ. ೧೯೮೫ರ ಮಾದಕ ವಸ್ತುಗಳ ಕಾಯಿದೆಯ ೬೪-ಎ ಕಲಮನ್ನು ಅವರು ತಿಳಿದಿರುವುದು ಒಳ್ಳೆಯದು. ಸೇವನೆಗಾಗಿ ಅಥವಾ ಅಲ್ಪ ಪ್ರಮಾಣದ ವಸ್ತುವಿಗಾಗಿ ಆಪಾದಿತನಾದ ವ್ಯಸನಿಯು ಸ್ವಇಚ್ಛೆಯಿಂದ ಸರಕಾರದ ಅಥವಾ ಸರಕಾರವು ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಪ್ಪಿ, ಅದನ್ನು ಪೂರ್ತಿಗೊಳಿಸಿದರೆ ಮೊಕದ್ದಮೆಯಿಂದ ಅವನಿಗೆ ರಕ್ಷಣೆಯಿದೆ.

ನಮ್ಮ ಅನ್ನದ ಮೂಲ

ಇನ್ನು, ಹೇಳಲು ಸ್ವಲ್ಪ ಕಠಿಣವಾದ ಮಾತು. ಅಂದಿನ ಮುಂಬಯಿ ರಾಜ್ಯದಲ್ಲಿ ೧೯೪೯ರ ಕಾಯಿದೆಯಂತೆ ೧೯೫೦ರಲ್ಲಿ ಪೂರ್ಣ ಪಾನನಿಷೇಧವು ಜಾರಿಗೆ ಬಂದಿತು. ಕಾಲಕ್ರಮದಲ್ಲಿ ಅದು ಸಡಿಲಗೊಂಡು, ಪರವಾನಿಗೆಯುಳ್ಳವರು ಕುಡಿಯಬಹುದೆಂದಾಯಿತು. ‘ಪರ್ಮಿಟ್ ರೂಮ್’ ಎಂಬ ಹೆಸರೇ ಆ ಕಾಯಿದೆಯ ಸಂತಾನ. ಇಡ್ಲಿ ದೋಸೆಗಳಿಂದ ಹೆಸರಾದ ನಮ್ಮವರ ಹೋಟೆಲುಗಳಲ್ಲಿ ಎಷ್ಟೋ ಬಾರ್ ಮತ್ತು ರೆಸ್ಟೋರೆಂಟುಗಳಾಗಿ ಮಾರ್ಪಟ್ಟವು. ಅದರ ಲಾಭದಿಂದ ನಮ್ಮ ಮಕ್ಕಳು ಓದಿದ್ದಾರೆ. ಊರಿನ ಬ್ರಹ್ಮಕಲಶಗಳು ನಡೆದಿವೆ. ಇಲ್ಲಿನ ಸಂಘಗಳ ಸಭಾಗೃಹಗಳು ಎದ್ದಿವೆ. ಈ ಮಾತನ್ನು ನಾವು ಹೊರಗೆ ನಿಂತು ಆಡುತ್ತಿಲ್ಲ; ಗಲ್ಲೆಯ ಹಿಂದೆ ವರ್ಷಗಳನ್ನು ಕಳೆದವರಾಗಿಯೇ ಆಡುತ್ತಿದ್ದೇವೆ. ಬಾರುಗಳನ್ನು ಮುಚ್ಚಿರೆಂದು ಉಪದೇಶಿಸುವುದು ನಮ್ಮ ಉದ್ದೇಶವಲ್ಲ. ಗಿರಾಕಿಯ ಗ್ಲಾಸಿಗೆ ರಾತ್ರಿಯೆಲ್ಲ ಸುರಿದು, ಬಾಗಿಲು ಹಾಕಿದ ಮೇಲೆ ತಾನೂ ಕುಡಿಯಲು ಕಲಿತ ಹುಡುಗನ ಋಣವು ಈ ಉದ್ಯಮದ ಮೇಲಿದೆಯೆಂಬುದನ್ನು ಮಾತ್ರ ನಾವು ನೆನಪಿಸಬಯಸುತ್ತೇವೆ. ಅಡಿಗೆಯವನ ಕಾಲಿನ ಮೇಲೆ ಕುದಿಯುವ ಎಣ್ಣೆ ಬಿದ್ದರೆ ಅದನ್ನು ಉದ್ಯೋಗದ ಗಾಯವೆಂದು ತಿಳಿದು ಖರ್ಚು ಹಾಕುತ್ತೇವಲ್ಲವೆ? ಇದೂ ಅದೇ ಉದ್ಯೋಗದಲ್ಲಿ ಆದ ಗಾಯವೇ.

ಇದು ಕೆಲವೇ ಮಂದಿಯ ಪಾಡೆಂದು ತಿಳಿಯಬಾರದು. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಸುಮಾರು ೧೬ ಕೋಟಿ ಜನರು ಮದ್ಯ ಸೇವಿಸುವವರು, ಅವರಲ್ಲಿ ೫.೭ ಕೋಟಿಗೂ ಮಿಕ್ಕಿದವರಿಗೆ ನೆರವು ಅಗತ್ಯವಿತ್ತು. ಮದ್ಯಕ್ಕೆ ದಾಸರಾದ ೩೮ ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದ ೩೭ ಮಂದಿಯನ್ನು ತಡೆದುದು ಬಡತನವೊಂದೇ ಅಲ್ಲ, ನಾಚಿಕೆಯೂ ಅಹುದು. ಕುಡಿತವು ರೋಗವೆಂದು ಅಮೆರಿಕದ ವೈದ್ಯಸಂಘವು ೧೯೫೬ರಲ್ಲಿಯೇ ಸಾರಿತು. ನಮ್ಮ ದೇಶದ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯೂ ಮದ್ಯ, ಮಾದಕಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಕಾಯಿದೆಯು ರೋಗವೆಂದು ಒಪ್ಪಿದುದನ್ನು ನಾವು ಇನ್ನೂ ಕೆಟ್ಟ ನಡತೆಯೆಂದು ಬೈದು ಕೈತೊಳೆದುಕೊಳ್ಳುತ್ತಿದ್ದೇವೆ.

ಬಾಗಿಲು ತೆರೆದಿದೆ

ಥಾಣೆಯ ಮನೋರುಗ್ಣಾಲಯವು ೧೯೦೧ರಲ್ಲಿ ಸ್ಥಾಪಿತವಾದುದು. ‘ಇವನನ್ನು ಥಾಣೆಗೆ ಕಳುಹಿಸಬೇಕು’ ಎಂದು ಮುಂಬಯಿಗರು ಹಾಸ್ಯ ಮಾಡುವುದುಂಟು. ಆ ಹಾಸ್ಯವೇ ಅನೇಕರನ್ನು ಅದರ ಬಾಗಿಲಿನಿಂದ ದೂರವಿಟ್ಟಿದೆ. ಅಲ್ಲಿಗೆ ಹೋದವರೆಲ್ಲರನ್ನೂ ಕೂಡಿಹಾಕುವುದಿಲ್ಲ. ಹೊರರೋಗಿಗಳಾಗಿ ವೈದ್ಯರನ್ನು ಕಂಡು, ಔಷಧಿ ಪಡೆದು ಮನೆಗೆ ಮರಳುವವರೇ ಬಹಳ. ದೊಡ್ಡ ಸರಕಾರಿ ಮತ್ತು ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ ಅವರು ೧೯೮೧ರಲ್ಲಿ ಆರಂಭಿಸಿದ ಕೃಪಾ ಫೌಂಡೇಶನ್, ಪುಣೆಯಲ್ಲಿ ಡಾ. ಸುನಂದಾ ಮತ್ತು ಡಾ. ಅನಿಲ್ ಅವಚಟ್ ದಂಪತಿಗಳು ೧೯೮೬ರಲ್ಲಿ ಕಟ್ಟಿದ ಮುಕ್ತಾಂಗಣ ಇವು ವ್ಯಸನಿಗಳಿಗಾಗಿಯೇ ಇರುವ ಸಂಸ್ಥೆಗಳು. ಊರಿನ ಕಡೆಗೇ ಹೋಗಬೇಕೆನ್ನುವವರಿಗೆ ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ. ಅದು ಹೊತ್ತಿರುವ ಹೆಸರು ಮುಂಬಯಿಯಲ್ಲಿಯೇ ಕೀರ್ತಿ ಗಳಿಸಿದ ನಮ್ಮ ಜಿಲ್ಲೆಯ ಶಸ್ತ್ರವೈದ್ಯರದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರುಗಳಲ್ಲಿ ನಡೆಯುತ್ತವೆ. ಎಲ್ಲಿ ಹೋಗಬೇಕೆಂದು ತೋಚದವರು ೧೪೪೧೬ ಎಂಬ ಸಂಖ್ಯೆಗೆ ಫೋನ್ ಮಾಡಬಹುದು. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಈ ಸರಕಾರಿ ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು.

ಕುಡಿತ ಬಿಟ್ಟ ಮೇಲಿನ ಸಂಜೆಗಳು ದೀರ್ಘವಾದವು. ಅದಕ್ಕಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿವೆ. ೧೯೩೫ರಲ್ಲಿ ಅಮೆರಿಕದ ಅಕ್ರನ್ ಪಟ್ಟಣದಲ್ಲಿ ಕುಡಿತದಿಂದ ನೊಂದ ಒಬ್ಬ ಷೇರು ವ್ಯವಹಾರಸ್ಥ, ಒಬ್ಬ ಶಸ್ತ್ರವೈದ್ಯ ಸೇರಿ ಆರಂಭಿಸಿದ ಈ ಕೂಟದಲ್ಲಿ ಶುಲ್ಕವಿಲ್ಲ. ಪೂರ್ಣ ಹೆಸರನ್ನೂ ಯಾರೂ ಕೇಳುವುದಿಲ್ಲ. ಒಮ್ಮೆ ಬಿಟ್ಟವನು ಮತ್ತೆ ಜಾರಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ತಿಳಿಯಬಾರದು. ಸಕ್ಕರೆ ಕಾಯಿಲೆ ಏರಿಳಿಯುವಂತೆ ಇದೂ ಏರಿಳಿಯುವ ಕಾಯಿಲೆ.

ಹೋಟೆಲು ಮಾಲೀಕರಲ್ಲಿ ನಮ್ಮ ಅರಿಕೆ ಇಷ್ಟೆ. ನೌಕರನ ಲೆಕ್ಕ ಚುಕ್ತಾ ಮಾಡುವ ಮುನ್ನ ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಚಿಕಿತ್ಸೆಯ ದಿನಗಳಲ್ಲಿ ಅವನ ಕೆಲಸ ಅವನಿಗಾಗಿ ಕಾದಿರಲಿ. ಮರಳಿ ಬಂದಾಗ ಬಾರಿನ ಕೌಂಟರಿನ ಬದಲು ಅಡಿಗೆಮನೆಯಲ್ಲೋ ಉಗ್ರಾಣದಲ್ಲೋ ಅವನಿಗೆ ಸ್ಥಳ ಕೊಡಿರಿ. ಹೃದಯದ ಶಸ್ತ್ರಚಿಕಿತ್ಸೆಗೂ ಮೂತ್ರಪಿಂಡದ ಕಾಯಿಲೆಗೂ ಉದಾರವಾಗಿ ನೆರವು ನೀಡುವ ನಮ್ಮ ಸಂಘಗಳು ವೈದ್ಯಕೀಯ ನಿಧಿಯ ಅರ್ಜಿಯಲ್ಲಿ ಈ ಕಾಯಿಲೆಯ ಹೆಸರನ್ನೂ ಬರೆಯಲು ಒಂದು ಸಾಲನ್ನು ಬಿಡಲಿ. ಊರಿಗೆ ಹೋಗುವ ಗಾಡಿ ದಿನವೂ ಇದೆ. ವೈದ್ಯರು ‘ಈಗ ಹೋಗಬಹುದು’ ಎಂದ ದಿನ ಹುಡುಗನು ಅದನ್ನು ಹತ್ತಲಿ. ಹೋಗುವಾಗ ಅವನ ಕಿಸೆಯಲ್ಲಿ ಔಷಧಿಯ ಚೀಟಿಯ ಜೊತೆಗೆ ಮರಳಿ ಬರುವ ಟಿಕೇಟೂ ಇರಲಿ.