ಸರ್ವರ್ ಎಷ್ಟು ಹುಡುಕಬೇಕು?

ಯುಟಿಎಫ್-8 ಪದ್ಧತಿಯಲ್ಲಿ ‘ಕನ್ನಡ’ ಎಂದು ಬರೆಯಲು 15 ಬೈಟ್ ಬೇಕು. ನಮ್ಮ ಪ್ರತಿ ವ್ಯಂಜನಕ್ಕೂ, ಗುಣಿತದ ಚಿಹ್ನೆಗೂ, ಒತ್ತಕ್ಷರ ಮೂಡಿಸುವ ಗುರುತಿಗೂ ತಲಾ 3 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ಆದರೆ ಆ ಮೂರರಲ್ಲಿ ಮೊದಲ ಬೈಟ್ ಕನ್ನಡದ ಎಲ್ಲ ಅಕ್ಷರಗಳಿಗೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ರೂಪ. ಬಂದದ್ದೇ ಮತ್ತೆ ಮತ್ತೆ ಬರುವುದರಿಂದ ಕನ್ನಡದ ಪುಟಗಳನ್ನು ಚೆನ್ನಾಗಿ ಕುಗ್ಗಿಸಬಹುದು. ಹಾಗೆ ಕುಗ್ಗಿಸದೆ ಕಳಿಸಿದರೆ ಡೇಟಾ ಖರ್ಚಾಗುವುದು ಓದುಗರದು.

ಕುಗ್ಗಿಸುವ ಕೆಲಸಕ್ಕೆ ಇಂದಿಗೂ ಬಹಳ ಬಳಕೆಯಲ್ಲಿರುವುದು ಝಾನ್-ಲೂ ಗಾಯಿ ಮತ್ತು ಮಾರ್ಕ್ ಆಡ್ಲರ್ 1992ರಲ್ಲಿ ಹೊರತಂದ ಜಿ-ಜಿಪ್. ಅದು ಕಡತವನ್ನು ಓದುತ್ತಾ ಹೋಗುವಾಗ ಹಿಂದಿನ 32 ಕಿಲೋಬೈಟ್‌ನಲ್ಲಿ ಇದೇ ಬೈಟ್‌ಗಳ ಸಾಲು ಬಂದಿತ್ತೇ ಎಂದು ನೋಡುತ್ತದೆ. ಸಿಕ್ಕರೆ ಸಾಲಿನ ಬದಲು ‘ಇಷ್ಟು ಹಿಂದೆ, ಇಷ್ಟು ಉದ್ದ’ ಎಂದಷ್ಟೇ ಬರೆಯುತ್ತದೆ. ಪ್ರೊಸೆಸರ್ ಬಳಲುವುದು ಈ ಹುಡುಕಾಟದಲ್ಲೇ. ಹೀಗೇ ಕುಗ್ಗಿಸಲು ಇದೇ ಜೋಡಿ ಬರೆದ ತಂತ್ರಾಂಶ ಝಡ್‌ಲಿಬ್‌ನಲ್ಲಿ 1ನೇ ಮಟ್ಟ ಇಟ್ಟರೆ ಒಂದೊಂದು ಕಡೆಯೂ ಹೆಚ್ಚೆಂದರೆ 4 ಹಳೆಯ ಜಾಗಗಳನ್ನು ನೋಡುತ್ತದೆ. 6ರಲ್ಲಿ 128, 9ರಲ್ಲಿ 4096. ಹುಡುಕಾಟ ತೀರಾ ಇತ್ತೀಚಿನ ಜಾಗದಿಂದ ಶುರುವಾಗುತ್ತದೆ, ಒಳ್ಳೆಯ ಹೊಂದಿಕೆ ಬಹುಪಾಲು ಅಲ್ಲೇ ಸಿಕ್ಕಿಬಿಡುತ್ತದೆ. ಹಾಗಾಗಿ ಸಾಮಾನ್ಯ ಪುಟಕ್ಕೆ 6ರಿಂದ 9ಕ್ಕೆ ಏರಿಸಿದರೆ ಉಳಿಯುವ ಬೈಟ್‌ಗಳು ತೀರಾ ಕಡಿಮೆ. ಆ ಏರಿಕೆ ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಬಿಚ್ಚುವ ಮೊಬೈಲಿಗೆ ಈ ಕಷ್ಟವಿಲ್ಲ. ಅದು ಏನನ್ನೂ ಹುಡುಕುವುದಿಲ್ಲ, ಹೇಳಿದ ಜಾಗದಿಂದ ನಕಲು ಮಾಡಿಕೊಳ್ಳುತ್ತದೆ ಅಷ್ಟೆ. ಹೊರೆಯೆಲ್ಲ ಸರ್ವರಿನದು.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನವನ್ನು ನೆನೆಯಿರಿ. ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ಪುಟ, ಕೇಳಿದಾಗಲೇ ಅದನ್ನು ಸಿದ್ಧಪಡಿಸಿ ಕುಗ್ಗಿಸಬೇಕು. ಅಂಥ ಹೊತ್ತಿಗೆ ಕೆಳಗಿನ ಮಟ್ಟವೇ ಸರಿ. ಎಂಜಿನ್-ಎಕ್ಸ್ ಸರ್ವರಿನಲ್ಲಿ ಜಿ-ಜಿಪ್ ಚಾಲೂ ಮಾಡಿ ಸುಮ್ಮನೆ ಬಿಟ್ಟರೆ ಅದು ಹಿಡಿಯುವುದೂ 1ನೇ ಮಟ್ಟವನ್ನೇ. ಪುಟದ ವಿನ್ಯಾಸದ ಕಡತ, ಜಾವಾಸ್ಕ್ರಿಪ್ಟ್ ಕಡತಗಳ ಲೆಕ್ಕ ಬೇರೆ. ಅವು ಎಲ್ಲರಿಗೂ ಒಂದೇ. ಗೂಗಲ್‌ನ ಬ್ರಾಟ್ಲಿ ಎಂಬ ಕುಗ್ಗಿಸುವ ಪದ್ಧತಿಯ 11ನೇ ಮಟ್ಟ ಬಹಳ ನಿಧಾನ, ಆದರೆ ಹಿಂದಿನ ದಿನವೇ ಒಮ್ಮೆ ಕುಗ್ಗಿಸಿ ಡಿಸ್ಕಿನಲ್ಲಿ ಇಟ್ಟುಬಿಟ್ಟರೆ ಆ ನಿಧಾನ ಯಾರನ್ನೂ ಕಾಯಿಸುವುದಿಲ್ಲ. ಮರುದಿನ ಲಕ್ಷ ಜನ ಕೇಳಿದರೂ ಸರ್ವರ್ ಇದ್ದದ್ದನ್ನು ಎತ್ತಿ ಕಳಿಸುತ್ತದೆ. ಇಷ್ಟು ಸರಳ ಏರ್ಪಾಡನ್ನು ಬಿಟ್ಟು ಹೊಸ ಯಂತ್ರ ಕೊಳ್ಳಲು ಹೊರಡುವುದು ಸರಿಯಲ್ಲ.

ಜೆಪೆಗ್ ಚಿತ್ರಗಳನ್ನೂ ವಾಫ್-2 ರೂಪದ ಕನ್ನಡ ಫಾಂಟ್‌ಗಳನ್ನೂ ಮಾತ್ರ ಮುಟ್ಟಬಾರದು. ಅವು ಮೊದಲೇ ಕುಗ್ಗಿ ಬಂದಿರುತ್ತವೆ, ವಾಫ್-2ರ ಒಳಗಿರುವುದೂ ಬ್ರಾಟ್ಲಿಯೇ.