ವಾರಸುದಾರರೇ ಸಿಗದ ಪುಸ್ತಕ: ಅನುಮತಿ ಯಾರ ಹತ್ರ ಕೇಳೋದು?

ಹೋದ ವರ್ಷ ಗೆಳೆಯನೊಬ್ಬ ಒಂದು ಹಳೇ ಕನ್ನಡ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟ. ರೇಡಿಯೋ ಹೇಗೆ ಕೆಲಸ ಮಾಡುತ್ತೆ, ಕೆಟ್ಟರೆ ರಿಪೇರಿ ಹೇಗೆ ಅನ್ನೋದರ ಬಗ್ಗೆ 1950ರ ದಶಕದಲ್ಲಿ ಅಚ್ಚಾದದ್ದು. ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದ ನನಗೆ ಇವತ್ತಿಗೂ ಕನ್ನಡದಲ್ಲಿ ನೆಟ್ಟಗೆ ಹೇಳಲು ಬಾರದ ಸಂಗತಿಗಳನ್ನು ಆ ಲೇಖಕರು ಹಳ್ಳಿ ಶಾಲೆಯ ಹುಡುಗನಿಗೂ ತಿಳಿಯೋ ಹಾಗೆ ಬರೆದಿದ್ದರು. ಗೆಳೆಯ ಸಣ್ಣ ಪ್ರಕಾಶಕ. 'ಮರುಮುದ್ರಣ ಮಾಡೋಣ ಕಣೋ' ಅಂದ.

ಅನುಮತಿ ಕೇಳೋಣ ಅಂದರೆ ಯಾರನ್ನು? ಮುಖಪುಟದಲ್ಲಿ ಎರಡು ಇನಿಷಿಯಲ್, ಒಂದು ಹೆಸರು, ಪಕ್ಕದಲ್ಲಿ 'ಬಿ.ಎಸ್ಸಿ.' ಅಷ್ಟೇ. ಪ್ರಕಾಶನದ ವಿಳಾಸ ಬೆಂಗಳೂರಿನ ಅವೆನ್ಯೂ ರಸ್ತೆಯದು. ಹೋಗಿ ನೋಡಿದರೆ ಅಲ್ಲೀಗ ಲಗ್ನಪತ್ರಿಕೆ ಅಂಗಡಿ. ಅಂಗಡಿಯವರಿಗೆ ಹಿಂದೆ ಅಲ್ಲೊಂದು ಪ್ರಕಾಶನ ಇತ್ತು ಅನ್ನೋದೇ ಗೊತ್ತಿಲ್ಲ. ಹಳೇ ಪುಸ್ತಕದ ಅಂಗಡಿಗಳು, ಲೈಬ್ರರಿಗಳು, ಹಿರಿಯ ಲೇಖಕರು ಎಲ್ಲರನ್ನೂ ಕೇಳಿದ್ದಾಯ್ತು. ಮೂರು ತಿಂಗಳಾದ ಮೇಲೆ ಕೈಬಿಟ್ಟೆವು.

ಇಂಥವಕ್ಕೆ ಕಾನೂನಿನ ವಲಯದಲ್ಲಿ 'ಅನಾಥ ಕೃತಿ' ಅಂತಾರೆ. ಹಕ್ಕುಸ್ವಾಮ್ಯ ಜೀವಂತವಾಗಿರುತ್ತೆ ಅಥವಾ ಇರಬಹುದು, ಆದರೆ ಹಕ್ಕುದಾರರು ಯಾರು, ಎಲ್ಲಿದ್ದಾರೆ ಅನ್ನೋದು ಪತ್ತೆಯಾಗಲ್ಲ. ಪುಸ್ತಕ ಮಾತ್ರ ಅಲ್ಲ, ಫೋಟೊ, ಕಾಗದಪತ್ರ, ಗ್ರಾಮಫೋನ್ ತಟ್ಟೆ, ಸಿನಿಮಾ ಎಲ್ಲದಕ್ಕೂ ಈ ಸಮಸ್ಯೆ ಇದೆ.

ಹೀಗಾಗೋದು ಯಾಕೆ? ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಪುಸ್ತಕದ ಹಕ್ಕು ಲೇಖಕರ ಜೀವಿತಾವಧಿ ಪೂರ್ತಿ, ಜತೆಗೆ ಅವರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಇರುತ್ತೆ. ಮೊದಲು 50 ವರ್ಷ ಇತ್ತು. ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯೋದಿತ್ತು, ಅದನ್ನು ಉಳಿಸಲು ಎಲ್ಲರಿಗೂ ಹತ್ತು ವರ್ಷ ಸೇರಿಸಿದರು. ಒಬ್ಬ ಮಹಾಕವಿಗಾಗಿ ಮಾಡಿದ ತಿದ್ದುಪಡಿ ನಮ್ಮ ರೇಡಿಯೋ ಪುಸ್ತಕಕ್ಕೂ ಅನ್ವಯ.

ಲೇಖಕರು ಪ್ರಸಿದ್ಧರಾದರೆ ಲೆಕ್ಕ ಸುಲಭ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರವು. ಆದರೆ 'ಬಿ.ಎಸ್ಸಿ.' ಲೇಖಕರು ಯಾವಾಗ ತೀರಿಕೊಂಡರು? ಐವತ್ತೈದರಲ್ಲಿ ಪುಸ್ತಕ ಬರೆದಾಗ ಅವರಿಗೆ ಮೂವತ್ತು ವಯಸ್ಸು ಅಂದುಕೊಳ್ಳಿ. ನಲವತ್ತಕ್ಕೇ ಹೋಗಿಬಿಟ್ಟಿದ್ದರೆ 2025ಕ್ಕೆ ಹಕ್ಕು ಮುಗಿದಿದೆ. ತೊಂಬತ್ತರವರೆಗೆ ಬಾಳಿದ್ದರೆ 2075ರ ತನಕ ಇರುತ್ತೆ. ಸಮೀಕರಣದಲ್ಲಿ ಒಂದೇ ಒಂದು ವೇರಿಯಬಲ್ ಗೊತ್ತಿಲ್ಲ, ಉತ್ತರದಲ್ಲಿ 50 ವರ್ಷದ ವ್ಯತ್ಯಾಸ!

ದಾಖಲೆಯಲ್ಲಿ ನೋಡೋಣ ಅಂದರೆ, ದಾಖಲೆಯೇ ಇರಬೇಕಿಲ್ಲ. ಜಮೀನಿಗೆ ಪಹಣಿ ಇದೆ, ಖಾತೆ ಇದೆ. ಪುಸ್ತಕಕ್ಕೆ ಅಂಥದ್ದು ಏನೂ ಬೇಡ, ಬರೆದ ಕ್ಷಣಕ್ಕೇ ಹಕ್ಕು ಹುಟ್ಟುತ್ತೆ, ನೋಂದಣಿ ಕಡ್ಡಾಯ ಅಲ್ಲ. ಲೇಖಕರ ಪಾಲಿಗೆ ಇದು ಒಳ್ಳೇದೇ. ಆದರೆ ಎಪ್ಪತ್ತು ವರ್ಷದ ನಂತರ ಹುಡುಕುವವರಿಗೆ ಹಿಡಿಯಲು ಒಂದು ಎಳೆಯೂ ಸಿಗಲ್ಲ. ಲೇಖಕರು ಹಸ್ತಪ್ರತಿಯನ್ನು ಒಂದೇ ಮೊತ್ತಕ್ಕೆ ಪ್ರಕಾಶಕರಿಗೆ ಮಾರಿದ್ದರೋ ಏನೋ. ಮಾರಾಟಕ್ಕೆ ಬರಹದ ಕರಾರು ಇರಬೇಕು ಅನ್ನುತ್ತೆ ಕಾನೂನು. ಆ ಕರಾರುಪತ್ರ ಗೆದ್ದಲಿಗೆ ಹೋಗಿರುತ್ತೆ. ಮಾರಿಲ್ಲ ಅಂದರೆ ಹಕ್ಕು ಆಸ್ತಿಯ ಹಾಗೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಂಚಿಹೋಗಿರುತ್ತೆ. ತಾತ ಪುಸ್ತಕ ಬರೆದಿದ್ದರು ಅನ್ನೋದೇ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ.

'ಯಾರು ಕೇಳ್ತಾರೆ, ಅಚ್ಚು ಹಾಕಿಬಿಡಿ' ಅಂತ ಹೇಳುವವರು ತುಂಬ ಜನ ಇದ್ದಾರೆ. ಕೇಳುವವರು ಬಂದರೆ? ಗೊತ್ತಿದ್ದೂ ಹಕ್ಕುಸ್ವಾಮ್ಯ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತಿದೆ ಕಾಯ್ದೆ. 500 ಪ್ರತಿ ಮಾರಿ ಅಸಲು ಬಂದರೆ ಸಾಕು ಅನ್ನುವ ಪ್ರಕಾಶಕ ಈ ರಿಸ್ಕ್ ತಗೊಳ್ಳಲ್ಲ. ಸರ್ಕಾರವೇ ನಡೆಸುತ್ತಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡದ್ದೂ ಸೇರಿದಂತೆ ಲಕ್ಷಗಟ್ಟಲೆ ಹಳೇ ಪುಸ್ತಕಗಳ ಸ್ಕ್ಯಾನ್ ಇದ್ದವು. ಕಡೆಗೆ ಹಕ್ಕುಸ್ವಾಮ್ಯದ ಕಾರಣ ಕೊಟ್ಟೇ ಆ ತಾಣಕ್ಕೆ ಬಾಗಿಲು ಹಾಕಿದರು.

ಹಾಗಂತ ನಮ್ಮ ಕಾನೂನು ಈ ಸಮಸ್ಯೆಯನ್ನು ಕಂಡೇ ಇಲ್ಲ ಅಂತಲ್ಲ. ಸೆಕ್ಷನ್ 31-ಎ ಇರೋದೇ ಇದಕ್ಕೆ. ಲೇಖಕರು ತೀರಿಕೊಂಡಿದ್ದರೆ, ಯಾರೆಂದು ಗೊತ್ತಿಲ್ಲದಿದ್ದರೆ ಅಥವಾ ಹಕ್ಕುದಾರರು ಸಿಗದಿದ್ದರೆ, ಕೃತಿ ಪ್ರಕಟಿಸಲು ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು. ಪ್ರಾಧಿಕಾರ ವಿಚಾರಣೆ ನಡೆಸಿ ರಾಯಲ್ಟಿ ನಿಗದಿ ಮಾಡುತ್ತೆ. ಆ ಹಣ ಸರ್ಕಾರದ ಖಾತೆಯಲ್ಲಿ ಇರುತ್ತೆ, ವಾರಸುದಾರರು ಯಾವತ್ತು ಬಂದರೂ ಕೇಳಿ ಪಡೆಯಬಹುದು. ಕಾಗದದ ಮೇಲೆ ನಿಜಕ್ಕೂ ಚೆನ್ನಾಗಿದೆ.

ಈಗ ಷರತ್ತು ನೋಡಿ. ಅರ್ಜಿಗೆ ಮೊದಲು ನಿಮ್ಮ ಪ್ರಸ್ತಾಪವನ್ನು ದೇಶದ ಬಹುಭಾಗದಲ್ಲಿ ಪ್ರಸಾರ ಇರುವ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತಾಗಿ ಕೊಡಬೇಕು. ಭಾರತೀಯ ಭಾಷೆಯ ಪತ್ರಿಕೆಯಲ್ಲಿ? ಅನುವಾದಕ್ಕೆ ಅನುಮತಿ ಕೇಳುತ್ತಿದ್ದರೆ ಮಾತ್ರ, ಅನುವಾದ ಆಗುವ ಭಾಷೆಯ ಪತ್ರಿಕೆಯಲ್ಲಿ. ಅಂದರೆ ಕನ್ನಡ ಪುಸ್ತಕವನ್ನು ಕನ್ನಡದಲ್ಲೇ ಮರುಮುದ್ರಿಸೋದಾದರೆ ಕನ್ನಡದಲ್ಲಿ ಒಂದು ಸಾಲೂ ಹಾಕಬೇಕಿಲ್ಲ! ತಿಪಟೂರಿನಲ್ಲೋ ಸಾಗರದಲ್ಲೋ ಇರಬಹುದಾದ ಲೇಖಕರ ಮಗಳು ಅವತ್ತು ಆ ಇಂಗ್ಲಿಷ್ ಪೇಪರ್ ತೆಗೆದು, ಆ ಮೂಲೆಯ ಜಾಹೀರಾತು ಓದಿ, ಇದು ನಮ್ಮಪ್ಪನ ಪುಸ್ತಕ ಅಂತ ಗುರುತು ಹಿಡಿಯಬೇಕು. ಹುಡುಕಿದ ಶಾಸ್ತ್ರ ಆಯ್ತು ಅನ್ನಬಹುದೇ ಹೊರತು ಇದನ್ನು ಹುಡುಕಾಟ ಅನ್ನಲ್ಲ.

ಇನ್ನು ಪ್ರಾಧಿಕಾರದ ಕತೆ. ಮೊದಲು ಇದೆಲ್ಲ ಕಾಪಿರೈಟ್ ಬೋರ್ಡ್ ಕೆಲಸವಾಗಿತ್ತು. 2017ರಲ್ಲಿ ಅದನ್ನು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯೊಳಗೆ ಸೇರಿಸಿದರು, 2021ರಲ್ಲಿ ಆ ಮಂಡಳಿಯನ್ನೇ ರದ್ದು ಮಾಡಿದರು. ಈಗ ಕೋರ್ಟು. ನೂರು ಪುಟದ ರೇಡಿಯೋ ಪುಸ್ತಕಕ್ಕೆ ವಕೀಲರನ್ನು ಇಟ್ಟುಕೊಳ್ಳಬೇಕು. ಜಾಹೀರಾತಿನ ಖರ್ಚು, ವಕೀಲರ ಫೀಸು ಕೇಳಿದ ಮೇಲೆ ಗೆಳೆಯ ನಕ್ಕ ಅಷ್ಟೇ.

ಬೇರೆ ದೇಶಗಳೂ ಒದ್ದಾಡಿವೆ. ಬ್ರಿಟನ್ನಿನಲ್ಲಿ ಅಪ್ರಕಟಿತ ಹಳೇ ಪತ್ರಗಳಿಗೂ 2039ರ ಕೊನೆಯವರೆಗೆ ಹಕ್ಕುಸ್ವಾಮ್ಯ ಇದೆ. 2014ರಲ್ಲಿ ಮೊದಲ ಮಹಾಯುದ್ಧದ ಶತಮಾನದ ಹೊತ್ತಿಗೆ ಅಲ್ಲಿನ ಕೆಲವು ಮ್ಯೂಸಿಯಂ, ಲೈಬ್ರರಿಗಳು ಸೈನಿಕರ ಪತ್ರ ಇಡಬೇಕಾದ ಗಾಜಿನ ಪೆಟ್ಟಿಗೆಗಳನ್ನು ಖಾಲಿ ಇಟ್ಟು ಪ್ರತಿಭಟಿಸಿದವು. ಅದೇ ವರ್ಷ ಅಲ್ಲಿ ಅನಾಥ ಕೃತಿಗಳಿಗೆ ಸರ್ಕಾರಿ ಕಚೇರಿಯಿಂದಲೇ ಆನ್‌ಲೈನ್‌ನಲ್ಲಿ ಲೈಸೆನ್ಸ್ ಪಡೆಯುವ ವ್ಯವಸ್ಥೆ ಬಂತು. ಅಮೆರಿಕದಲ್ಲಿ ಬೇರೆ ಐಡಿಯಾ: ಪ್ರಾಮಾಣಿಕವಾಗಿ ಹುಡುಕಿ, ಸಿಗದಿದ್ದರೆ ಬಳಸಿ, ಆಮೇಲೆ ಹಕ್ಕುದಾರರು ಬಂದರೆ ನ್ಯಾಯವಾದ ಶುಲ್ಕ ಕೊಡಿ, ದೊಡ್ಡ ಪರಿಹಾರದ ಭಯ ಬೇಡ. 2008ರಲ್ಲಿ ಈ ಮಸೂದೆ ಸೆನೆಟ್‌ನಲ್ಲಿ ಪಾಸಾಗಿ ಕೆಳಮನೆಯಲ್ಲಿ ಬಿದ್ದುಹೋಯಿತು.

ಅದನ್ನು ಜೋರಾಗಿ ವಿರೋಧಿಸಿದವರಲ್ಲಿ ಫೋಟೊಗ್ರಾಫರ್‌ಗಳು, ಚಿತ್ರಕಾರರು ಇದ್ದರು. ಅವರ ಭಯ ಸುಳ್ಳಲ್ಲ. ನೀವು ತೆಗೆದ ಫೋಟೊ ನಾಲ್ಕು ವಾಟ್ಸ್‌ಆ್ಯಪ್ ಗ್ರೂಪ್ ದಾಟುವಷ್ಟರಲ್ಲಿ ಹೆಸರು ಅಳಿಸಿಹೋಗಿರುತ್ತೆ. ಆಮೇಲೆ ದೊಡ್ಡ ಕಂಪನಿಯೊಂದು 'ಹುಡುಕಿದೆವು, ಸಿಗಲಿಲ್ಲ' ಅಂತ ಬಳಸಿಕೊಂಡರೆ? 2011ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಹಾಥಿಟ್ರಸ್ಟ್ ಎಂಬ ಡಿಜಿಟಲ್ ಲೈಬ್ರರಿ ಅನಾಥ ಪುಸ್ತಕಗಳ ಪಟ್ಟಿ ಪ್ರಕಟಿಸಿತು. ಲೇಖಕರ ಸಂಘ ಹುಡುಕಿದರೆ, ಅದರಲ್ಲಿದ್ದ ಜೆ.ಆರ್. ಸಾಲಮಾಂಕಾ ಎಂಬ ಕಾದಂಬರಿಕಾರ ಬದುಕೇ ಇದ್ದರು! ಯೋಜನೆ ಅಲ್ಲಿಗೇ ನಿಂತಿತು.

ನನ್ನ ಪ್ರಕಾರ ಈ ಪ್ರಕರಣದಲ್ಲೇ ದಾರಿಯೂ ಇದೆ. ಪಟ್ಟಿ ಬಹಿರಂಗವಾಗಿದ್ದಕ್ಕೇ ತಾನೆ ತಪ್ಪು ಸಿಕ್ಕಿದ್ದು? ಹಾಗಾಗಿ ಇಂಗ್ಲಿಷ್ ಪೇಪರ್ ಜಾಹೀರಾತಿನ ಬದಲು, ಯಾರು ಯಾವ ಕೃತಿಗೆ ಎಲ್ಲೆಲ್ಲಿ ಹುಡುಕಿದರು ಅನ್ನೋದನ್ನು ಆಯಾ ಭಾಷೆಯಲ್ಲೇ ಒಂದು ಸರ್ಕಾರಿ ಜಾಲತಾಣದಲ್ಲಿ ಹಾಕಲಿ. ಆರು ತಿಂಗಳು ಕಾಯಲಿ. ಯಾರೂ ಬರದಿದ್ದರೆ ಕೋರ್ಟಿನ ಹಂಗಿಲ್ಲದೆ ಲೈಸೆನ್ಸ್ ಸಿಗಲಿ. ರಾಯಲ್ಟಿ ಹಣ ಈಗಿನಂತೆಯೇ ಖಾತೆಯಲ್ಲಿರಲಿ. ಫೋಟೊಗಳನ್ನು ಸದ್ಯಕ್ಕೆ ಇದರಿಂದ ಹೊರಗಿಡಬಹುದು. ತಮಿಳುನಾಡು ಸರ್ಕಾರ ಲೇಖಕರ ಕುಟುಂಬಕ್ಕೆ ಹಣ ಕೊಟ್ಟು ಕೃತಿಗಳನ್ನು ಸಾರ್ವಜನಿಕಗೊಳಿಸುತ್ತೆ, ಮೆಚ್ಚಬೇಕಾದ ಕೆಲಸ. ಆದರೆ ಅದಕ್ಕೂ ಕುಟುಂಬ ಸಿಗಬೇಕಲ್ಲ.

ರೇಡಿಯೋ ಪುಸ್ತಕ ನನ್ನ ಹತ್ರಾನೇ ಇದೆ. ತೆರೆದಾಗಲೆಲ್ಲ ಕಂದುಬಣ್ಣದ ಪುಡಿ ಉದುರುತ್ತೆ, ಒಂದು ಸರ್ಕ್ಯೂಟ್ ಚಿತ್ರದ ಮೂಲೆ ಆಗಲೇ ಹೋಯಿತು. ನಿಮ್ಮ ಮನೆಯಲ್ಲಿ ಹಿರಿಯರು ಯಾರಾದರೂ ಆ ಕಾಲಕ್ಕೆ ರೇಡಿಯೋ ಬಗ್ಗೆ ಕನ್ನಡದಲ್ಲಿ ಬರೆದಿದ್ದರು ಅಂತ ಮಾತು ಬಂದಿದ್ದರೆ ದಯವಿಟ್ಟು ತಿಳಿಸಿ.